ಊರ್ಧ್ವಪಾದರು

ಯಾವ ಊರಿನ ಯಾವ ಬೀದಿಯನ್ನೇ ತೆಗೆದುಕೊಳ್ಳಿ, ಒಂದೇ ಒಂದು ಔಷಧದಿಂದ ಸಕಲ ವ್ಯಾಧಿಗಳನ್ನೂ ನಿರ್ಮೂಲಗೊಳಿಸಬಲ್ಲೆನೆಂದು ನಂಬಿರುವ ನಿವೃತ್ತ ಗೃಹಸ್ಥರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಒಬ್ಬರಿಗೆ ಮೆಂತ್ಯ, ಇನ್ನೊಬ್ಬರಿಗೆ ತಾಮ್ರದ ಚೊಂಬಿನಲ್ಲಿ ರಾತ್ರಿಯಿಟ್ಟ ನೀರು, ಮತ್ತೊಬ್ಬರಿಗೆ ಹಾಗಲಕಾಯಿಯ ರಸ. ಹೀಗೆ ಪಿಂಚಣಿಯ ಮೊದಲನೆಯ ತಿಂಗಳಿನಲ್ಲಿಯೇ ಅವರವರ ಇಷ್ಟದೈವವು ಅವರವರಿಗೆ ಪ್ರತ್ಯಕ್ಷವಾಗುತ್ತದೆ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮ ಬೀದಿಯ ಪಾಲಿಗೆ ದೊರೆತವರು ಇವರೆಲ್ಲರಿಗಿಂತಲೂ ಮಿತವ್ಯಯಿಗಳು. 30 ಸಂವತ್ಸರಗಳ ಕಾಲ ಸರ್ಕಾರಿ ಕಚೇರಿಯ ಬೆತ್ತದ ಕುರ್ಚಿಯ ಮೇಲೆ ಅಚಲರಾಗಿ ಕುಳಿತು, 55 ತುಂಬಿದ ದಿವಸ ಹಾರ ಹಾಕಿಸಿಕೊಂಡು ಮನೆಗೆ ಬಂದ ಆ ಮಹನೀಯರು, ಭಗವಂತನು ಮನುಷ್ಯನಿಗೆ ಕಾಲುಗಳನ್ನು ದಯಪಾಲಿಸಿದುದು ನಡೆಯುವುದಕ್ಕಲ್ಲ, ಎತ್ತಿ ಗೋಡೆಗೆ ಒರಗಿಸುವುದಕ್ಕೆ ಎಂಬ ಸಿದ್ಧಾಂತವನ್ನು ಕಂಡುಕೊಂಡರು. ಅವರ ಪಿತೃದತ್ತವಾದ ನಾಮಧೇಯವು ಈಗ ಅಂಚೆಯವನೊಬ್ಬನಿಗೆ ಮಾತ್ರ ನೆನಪಿದೆ. ಉಳಿದವರೆಲ್ಲರಿಗೂ ಅವರು ಊರ್ಧ್ವಪಾದರು.

ಕಾಲೆತ್ತುವುದು ಸುಲಭವೆಂದು ಯಾರೂ ಭಾವಿಸಬಾರದು. ಆಚಾರವಂತರ ಮನೆಯಲ್ಲಿ ಕಾಲು ಚಾಚುವುದಕ್ಕೆ ನಿರ್ದೋಷವಾದ ಗೋಡೆಯೊಂದು ಸಿಕ್ಕುವುದು ಪರಮ ದುರ್ಲಭ. ನಡುಮನೆಯ ಪೂರ್ವದ ಗೋಡೆಯ ಆಚೆಗೆ ದೇವರ ಕೋಣೆ. ಉತ್ತರದ ಗೋಡೆಯ ಮೇಲೆ ಗಂಧದ ಹಾರ ಧರಿಸಿದ ತಂದೆ ತಾತಂದಿರ ಪಟಗಳು. ದಕ್ಷಿಣಕ್ಕೆ ಕಾಲಿಟ್ಟರೆ ತಲೆಯು ಉತ್ತರಕ್ಕಾಗುವುದಲ್ಲದೆ, ಯಮಧರ್ಮರಾಯನಿಗೆ ಪಾದ ತೋರಿಸಿದಂತಾಗುತ್ತದೆ. ಪಿಂಚಣಿದಾರನು ಆ ಅಧಿಕಾರಿಯನ್ನು ಅನಾವಶ್ಯಕವಾಗಿ ಕೆಣಕುವುದು ಕ್ಷೇಮವಲ್ಲ. ನಂಜನಗೂಡಿನಿಂದ ಬಂದಿದ್ದ ಅಕ್ಕನವರು ಪಟಗಳ ವಿಷಯವಾಗಿ ಆಕ್ಷೇಪಿಸಿದಾಗ, ಶಿವಲಿಂಗದ ಮೇಲೆಯೇ ಕಾಲಿಟ್ಟು ಮಲಗಿದ್ದು, ಲಿಂಗವಿಲ್ಲದ ಕಡೆಗೆ ಇದನ್ನು ಸರಿಸೆಂದು ನಾಮದೇವರಿಗೆ ಉಪದೇಶಮಾಡಿದ ವಿಸೋಬಾ ಖೇಚರರ ಕಥೆಯನ್ನು ಊರ್ಧ್ವಪಾದರು ಸವಿಸ್ತಾರವಾಗಿ ನಿರೂಪಿಸಿದರು. ಅಕ್ಕನವರು ಕಥೆಯನ್ನು ಕೊನೆಯವರೆಗೂ ಕೇಳಿ, “ಅವರ ಸುದ್ದಿ ಬಿಡು, ಅವರು ಮಹಾತ್ಮರು, ನೀನು ಹೆಡ್‌ಗುಮಾಸ್ತ” ಎಂದರು. ಕಡೆಗೆ ಉಳಿದುದು ಪಶ್ಚಿಮದ ಗೋಡೆಯೊಂದೇ. ಅದರ ಹಿಂದೆ ಅಡುಗೆಮನೆ. ಅಲ್ಲಿ ಅಗ್ನಿಯಿದ್ದಾನೆ, ಅನ್ನಪೂರ್ಣೆಯಿದ್ದಾಳೆ ಎಂದು ಅವರು ಒಂದು ಗಳಿಗೆ ಅಳುಕಿದರು. “ಅಲ್ಲಿ ನಿಂತಿರುವವಳು ನಾನೊಬ್ಬಳೇ ತಾನೆ, ಚಾಚಿಕೊಳ್ಳಿ” ಎಂದು ಅವರ ಧರ್ಮಪತ್ನಿಯವರು ಒಳಗಿನಿಂದಲೇ ಸಂಶಯನಿವಾರಣೆ ಮಾಡಿದರು.

ಅಂದಿನಿಂದ ಮಧ್ಯಾಹ್ನ ಮೂರರ ಮೇಲೆ ಆ ಮನೆಗೆ ಹೋದವರಿಗೆ ಮೊದಲು ದರ್ಶನವಾಗುವುದು ಯಜಮಾನರ ಅಂಗಾಲುಗಳು. ಚಾಪೆಯ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಕಂಬಳಿಯ ಮೇಲೆ ನಡು, ಎದೆಯ ಮೇಲೆ ಗಡಿಯಾರ. ಭೂಮಿಯ ಆಕರ್ಷಣ ಶಕ್ತಿಯು ಕಾಲಿನ ರಕ್ತವನ್ನು ಕೆಳಗಿಳಿಸುವಷ್ಟೇ ಶ್ರದ್ಧೆಯಿಂದ ಪಂಚೆಯನ್ನೂ ಕೆಳಗಿಳಿಸುವುದೆಂಬ ಸಂಗತಿಯು ಮೊದಲನೆಯ ದಿನವೇ, ಅದೂ ಬೀಗರ ಸಮಕ್ಷಮದಲ್ಲಿ, ಅನುಭವಕ್ಕೆ ಬಂದುದರಿಂದ, ಪಂಚೆಯ ಅಂಚುಗಳನ್ನು ಹರಡಿನ ಬಳಿ ಸೇರಿಸಿ, ಕಚೇರಿಯ ಕಡತಗಳಿಗೆ ಕಟ್ಟುವ ಕೆಂಪು ಪಟ್ಟಿಯಿಂದ ಬಿಗಿಯುವ ಏರ್ಪಾಡಾಗಿದೆ. ನಿವೃತ್ತಿಯ ಕಾಲದಲ್ಲಿ ಆ ಪಟ್ಟಿಯ ಸುರುಳಿಯೊಂದು ಅವರ ಸಾಮಾನುಗಳೊಂದಿಗೆ ಮನೆಗೆ ಬಂದುದು ಹೇಗೆಂದು ಕೇಳುವ ಅವಿವೇಕವನ್ನು ನಾನು ಮಾಡಿಲ್ಲ. ಹಿಮ್ಮಡಿಗೆ ಸವರಿದ ಹರಳೆಣ್ಣೆಯಿಂದ ಸುಣ್ಣದ ಗೋಡೆಯ ಮೇಲೆ ಕೋಳಿಮೊಟ್ಟೆಯಾಕಾರದ ಎರಡು ಕಂದು ಗುರುತುಗಳು ಬಿದ್ದಿವೆ. ದೀಪಾವಳಿಗೆ ಸುಣ್ಣ ಬಳಿಯಲು ಬಂದ ಆಳು ಅವುಗಳನ್ನು ಮುಚ್ಚಲು ಕುಂಚವೆತ್ತಿದಾಗ, ಗಯೆಯ ವಿಷ್ಣುಪಾದಕ್ಕೆ ಅಪಚಾರವಾಯಿತೋ ಎಂಬಂತೆ ಅವರು ಹೌಹಾರಿದರಂತೆ.

ಆ ಭಂಗಿಯಲ್ಲಿದ್ದುಕೊಂಡೇ ಅವರು ಬಂದವರಿಗೆ ಪಾಠ ಹೇಳುತ್ತಾರೆ. ರಕ್ತವು ಶರೀರದಲ್ಲಿ ಸುತ್ತುತ್ತದೆಂಬುದನ್ನು 1628ರಲ್ಲಿ ಜಗತ್ತಿಗೆ ಸಾರಿದ ವಿಲಿಯಂ ಹಾರ್ವೆಯೂ, ಅದಕ್ಕೆ ಮುಂಚೆ ಪಾಡುವಾ ನಗರದಲ್ಲಿ ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳನ್ನು ವರ್ಣಿಸಿದ ಆತನ ಗುರು ಫ್ಯಾಬ್ರಿಸಿಯಸ್ಸನೂ ಅವರ ಬಾಯಲ್ಲಿ ಪಕ್ಕದ ಬೀದಿಯವರಾಗಿಬಿಟ್ಟಿದ್ದಾರೆ. ಹೃದಯವು ಕೆಳಕ್ಕೆ ತಳ್ಳಿದ ರಕ್ತವು ಮರಳಿ ಮೇಲೇರಬೇಕು. ಏರಿದುದು ಜಾರದಂತೆ ಕವಾಟಗಳು ತಡೆಯುತ್ತವೆ. ನಡೆಯುವಾಗ ಮೀನಖಂಡವು ಹಿಂಡಿ ಹಿಂಡಿ ಅದನ್ನು ಮೇಲಕ್ಕೆ ಕಳುಹಿಸುತ್ತದೆ. ನಿಂತಲ್ಲಿಯೇ ನಿಂತವನ, ಕಾಲು ಇಳಿಬಿಟ್ಟುಕೊಂಡು ಕುಳಿತಲ್ಲಿಯೇ ಕುಳಿತವನ ಕಾಲಿನಲ್ಲಿ ಅದು ತಂಗಿ, ನೀರು ಹೊರಕ್ಕೆ ಜಿನುಗಿ, ಹರಡು ಬಾತುಕೊಳ್ಳುತ್ತದೆ. ಕಾಲನ್ನು ಎದೆಗಿಂತ ಎತ್ತರದಲ್ಲಿಟ್ಟರೆ ಸುಮಾರು 300 ಮಿಲಿಲೀಟರಿನಷ್ಟು ರಕ್ತವು, ಯಾವ ಅರ್ಜಿಯೂ ಇಲ್ಲದೆ, ಯಾವ ಶಿಫಾರಸೂ ಇಲ್ಲದೆ, ತಾನಾಗಿಯೇ ಮೇಲಿನ ಕಚೇರಿಗೆ ರವಾನೆಯಾಗುತ್ತದೆ. ಇದೆಲ್ಲವೂ ಸತ್ಯವೇ. ಅವರಲ್ಲಿ ನಮಗೆ ಕಷ್ಟವಾಗುವುದು ಇದೇ: ಸುಳ್ಳು ಹೇಳುವವನನ್ನು ನಕ್ಕು ಬಿಟ್ಟುಬಿಡಬಹುದು, ನಿಜವನ್ನು ದಿನವೂ ಹೇಳುವವನಿಂದ ತಪ್ಪಿಸಿಕೊಳ್ಳುವುದೆಂತು?

ವಿಜ್ಞಾನವು ನಿಂತಲ್ಲಿಂದ ಶಾಸ್ತ್ರವು ಆರಂಭವಾಗುತ್ತದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದ ಕಾಲದಲ್ಲಿ, ಎಳೆಯ ಗುಮಾಸ್ತರಾಗಿದ್ದ ತಾವು ಕಿಟಕಿಯಿಂದ ಇಣಿಕಿ ನೋಡಿದುದನ್ನು ಅವರು ದೀಕ್ಷೆಯೆಂದೇ ಪರಿಗಣಿಸುತ್ತಾರೆ. ಅಲ್ಲಿಯ ಹುಡುಗರು ಬೆವರು ಸುರಿಸಿ ದೇಹ ದಂಡಿಸುತ್ತಿದ್ದ ಭಾಗವು ಮಾತ್ರ ಅವರ ನೆನಪಿನಲ್ಲಿ ಉಳಿದಿಲ್ಲ. ಆಚಾರ್ಯರು 1934ರಲ್ಲಿ ಕನ್ನಡದಲ್ಲಿಯೇ ರಚಿಸಿದ ‘ಯೋಗ ಮಕರಂದ’ವು ಕಂದು ಕಾಗದದ ರಟ್ಟು ಧರಿಸಿ ಇವರ ತಲೆಯ ಬಳಿ ಮಣೆಯ ಮೇಲೆ ವಿರಾಜಮಾನವಾಗಿದೆ, ಅದನ್ನು ಬಿಚ್ಚಿದುದನ್ನು ಕಂಡವರಿಲ್ಲ. ಬಿಚ್ಚುವುದಾದರೆ ಅವರು ಬಿಚ್ಚುವುದು ಸ್ವಾತ್ಮಾರಾಮನ ‘ಹಠಯೋಗಪ್ರದೀಪಿಕೆ’ಯ ಮೂರನೆಯ ಉಪದೇಶವನ್ನು. ಅಂಗುಳಿನ ಚಂದ್ರನಿಂದ ಸ್ರವಿಸುವ ಅಮೃತವನ್ನು ನಾಭಿಯ ಸೂರ್ಯನು ನುಂಗಿಬಿಡುವುದರಿಂದಲೇ ಮನುಷ್ಯನಿಗೆ ಮುಪ್ಪು. ಆದುದರಿಂದ ಸೂರ್ಯನನ್ನು ಮೇಲಕ್ಕೂ ಚಂದ್ರನನ್ನು ಕೆಳಕ್ಕೂ ಮಾಡತಕ್ಕ ವಿಪರೀತಕರಣಿಯನ್ನು ಆಚರಿಸಿದವನಿಗೆ ಆರು ತಿಂಗಳಲ್ಲಿ ನರೆಯೂ ಸುಕ್ಕೂ ಮಾಯವಾಗುವುವೆಂದೂ, ನಿತ್ಯವೂ ಒಂದು ಯಾಮದ ಕಾಲ ಹಾಗಿದ್ದವನು ಕಾಲನನ್ನೇ ಜಯಿಸುವನೆಂದೂ ಅಲ್ಲಿ ಹೇಳಿದೆ. ಊರ್ಧ್ವಪಾದರ ವಿಷಯದಲ್ಲಿ ನರೆಯು ನಿಜವಾಗಿಯೂ ಮಾಯವಾಯಿತು; ಕೂದಲನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಆದರೆ ಅವರ ಹೃದಯವನ್ನು ಸೂರೆಗೊಂಡ ವಿಧಿಯು ಬೇರೆ. ಈ ಅಭ್ಯಾಸದಿಂದ ಜಠರಾಗ್ನಿಯು ವೃದ್ಧಿಯಾಗುವುದರಿಂದ ಸಾಧಕನಿಗೆ ಆಹಾರವನ್ನು ಹೇರಳವಾಗಿ ಒದಗಿಸಬೇಕು, ಕಡಮೆಯಾದರೆ ಆ ಅಗ್ನಿಯು ದೇಹವನ್ನೇ ದಹಿಸುವುದು ಎಂದು ಗ್ರಂಥಕಾರನು ಎಚ್ಚರಿಸಿದ್ದಾನೆ. ಕೂಡಲೆ ನಾಲ್ಕು ಗಂಟೆಯ ಕಾಫಿಗೆ ಒಗ್ಗರಣೆ ಅವಲಕ್ಕಿಯೂ, ಅವಲಕ್ಕಿಗೆ ಕೋಡುಬಳೆಯೂ, ಕೋಡುಬಳೆಗೆ ತೆಂಗೊಳಲೂ ಬೆಂಬಲವಾಗಿ ಬಂದು ಸೇರಿದುವು. ಗೋಡೆಯ ಈಚೆಗೆ ಸಾಧಕರ ಕಾಲುಗಳು ಹಗುರವಾದಂತೆಲ್ಲ, ಆಚೆಗೆ ಬಾಣಲೆಯ ಮುಂದೆ ನಿಂತವರ ಕಾಲುಗಳ ಗತಿ ಏನಾಗುತ್ತಿದೆಯೆಂದು ಹಾರ್ವೆಯ ಶಿಷ್ಯರು ಎಂದೂ ಯೋಚಿಸಲಿಲ್ಲ. ನೋಡಿ, ಈ ವಿದ್ಯೆಯು ಯಾರಿಗೆ ಬೇಕು? ಬಸ್ಸಿನ ಕಂಡಕ್ಟರಿಗೆ, ಕ್ಷೌರಿಕನಿಗೆ, ಕಪ್ಪುಹಲಗೆಯ ಮುಂದೆ ದಿನ ಕಳೆಯುವ ಉಪಾಧ್ಯಾಯರಿಗೆ, ಮದುವೆಯ ಮನೆಯ ಅಡುಗೆಭಟ್ಟರಿಗೆ. ಇವರಿಗಾರಿಗೂ ಮಧ್ಯಾಹ್ನ ಮೂರಕ್ಕೆ ಗೋಡೆಯಿಲ್ಲ.

ಊರ್ಧ್ವಪಾದರಿಗೆ ನೆಗಡಿಯಾದಾಗ ನೋಡಲು ಬಂದಿದ್ದ ಡಾಕ್ಟರಿಗೆ ಕಾಫಿ ತಂದುಕೊಟ್ಟು ಆ ತಾಯಿ ಹಿಂದಿರುಗುವಾಗ, ಡಾಕ್ಟರ ದೃಷ್ಟಿಯು ಸೀರೆಯ ಅಂಚಿನ ಕೆಳಗೆ ಬಿತ್ತು. “ಅಮ್ಮಾ, ಸ್ವಲ್ಪ ಕೂತುಕೊಳ್ಳಿ” ಎಂದು ಹೇಳಿ, ಹರಡಿನ ಮೇಲೆ ಹೆಬ್ಬೆರಳಿನಿಂದ ಒತ್ತಿದರು. ಬೆರಳೆತ್ತಿದ ಮೇಲೂ ಅಲ್ಲಿ ಗುಳಿಯು ಹಾಗೆಯೇ ಉಳಿದಿತ್ತು. ಹೃದಯ ಸೋತವರಿಗೆ, ಕಾಲಿನ ರಕ್ತನಾಳ ಕಟ್ಟಿದವರಿಗೆ ಕಾಲೆತ್ತಿಸುವುದು ತರವಲ್ಲವಾದುದರಿಂದ ಎದೆ, ನಾಡಿ, ಮೂತ್ರ ಎಲ್ಲವನ್ನೂ ಪರೀಕ್ಷಿಸಿದರು, ದೋಷವೇನೂ ಕಾಣಲಿಲ್ಲ. ಬೆಳಗಿನ ಜಾವದಿಂದ ರಾತ್ರಿಯವರೆಗೆ ಒಲೆಯ ಮುಂದೆ ನಿಲ್ಲುವುದೇ ರೋಗ. ದಿನಕ್ಕೆ ಮೂರು ಸಲ ಕಾಲು ಗಂಟೆಯ ಹೊತ್ತು ಕಾಲು ಮೇಲೆ ಮಾಡಿ ಮಲಗಬೇಕೆಂದು ವಿಧಿಸಿದರು. “ನನಗೇನು ಅಪ್ಪಣೆ?” ಎಂದು ಊರ್ಧ್ವಪಾದರು ಅಭಿಮಾನದಿಂದ ಕೇಳಿದರು. “ನೀವು ಚೀಲ ಹಿಡಿದುಕೊಂಡು ದೇವರಾಜ ಮಾರುಕಟ್ಟೆಗೆ ನಡೆದುಕೊಂಡು ಹೋಗಿ ಬನ್ನಿ” ಎಂದು ಡಾಕ್ಟರು ಪೆಟ್ಟಿಗೆ ಮುಚ್ಚಿದರು.

ಮರುದಿನ ಮೂರರ ಮೇಲೆ ನಾನು ಹೋದಾಗ ಬಾಗಿಲು ಓರೆಯಾಗಿತ್ತು. ಮಗಳು, “ಒಳಗೆ ಅಮ್ಮ ಮಲಗಿದ್ದಾರೆ” ಎಂದು ಜಗಲಿಯಲ್ಲಿಯೇ ನನ್ನನ್ನು ಕೂರಿಸಿದಳು. ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದು.

“ಇವಳೆ, ಡಿಕಾಕ್ಷನ್ನಿಗೆ ನೀರು ಎಷ್ಟು?”

ಗೋಡೆಯ ಈಚೆಯಿಂದ ಉತ್ತರ ಬಂದಿತು.

“ಕಾಲು ಗಂಟೆ ಆಗಿಹೋಯಿತಲ್ಲ, ಏಳಬಾರದೆ?”

“ಡಾಕ್ಟರು ಕಾಲು ಗಂಟೆ ಅಂದರು, ನಿಮ್ಮ ಶಾಸ್ತ್ರ ಒಂದು ಯಾಮ ಅನ್ನುತ್ತಲ್ಲ. ಅಂದಹಾಗೆ ಹೊಟ್ಟೆಯಲ್ಲಿ ಅಗ್ನಿ ಎದ್ದ ಹಾಗಿದೆ. ಅವಲಕ್ಕಿ ಡಬ್ಬ ಮೇಲಿನ ಗೂಡಿನಲ್ಲಿದೆ, ಸಾಸಿವೆ ಸೀಯಿಸಬೇಡಿ.”