ಬಿಲ್ಲಿನಲ್ಲಿ ನಮ್ಮ ಬಾಬ್ತೂ ಇರಲಿ

ಬೇಬಿಬೆಟ್ಟದ ಆಸುಪಾಸಿನ ಕಲ್ಲುಕ್ವಾರಿ ಮಾಲೀಕ ಮಹಾಶಯರಲ್ಲಿ,

ನಿಮ್ಮ ಉದಾರಗುಣವನ್ನು ಇದುವರೆಗೆ ಯಾರೂ ಸರಿಯಾಗಿ ಹೊಗಳಿಲ್ಲ. ಆ ಕೊರತೆ ನೀಗಲೆಂದು ಈ ಪತ್ರ.

ಜಲ್ಲಿ ಕೊಂಡವರಿಂದ ನೀವು ಕಾಸಿಗೆ ಕಾಸು ಎಣಿಸಿಕೊಂಡಿರಿ. ಸುತ್ತಲ ಹಳ್ಳಿಯವರಿಗೆ ಮಾತ್ರ ದೂಳು, ಸಿಡಿತದ ಸದ್ದು, ಅದುರು ಎಲ್ಲವನ್ನೂ ಬಿಟ್ಟಿಯಾಗಿ ಹಂಚಿದಿರಿ. ಸಿಡಿಮದ್ದು, ಡೀಸೆಲ್, ಕೂಲಿ, ರಾಜಧನ ನಿಮ್ಮ ಖರ್ಚಿನ ಪುಸ್ತಕದಲ್ಲಿವೆ. ಹಳ್ಳಿಯವರ ಗೋಡೆಯ ಬಿರುಕು ಇಲ್ಲ. ಹೀಗೆ ಕೊಳ್ಳದ, ಮಾರದ ಮೂರನೆಯವರ ತಲೆಗೆ ಬೀಳುವ ಖರ್ಚನ್ನು ಅರ್ಥಶಾಸ್ತ್ರದವರು ‘ಬಾಹ್ಯ ಪರಿಣಾಮ’ ಎನ್ನುತ್ತಾರೆ.

ಇದಕ್ಕೆ ಮದ್ದೂ ಇದೆಯಂತೆ. ಹಾನಿಯಷ್ಟೇ ತೆರಿಗೆ ಹಾಕಿ ಎಂದರು ಇಂಗ್ಲೆಂಡಿನ ಪಿಗೂ, 1920ರಲ್ಲಿ. ಹಕ್ಕು ಯಾರದೆಂದು ಗೊತ್ತಿದ್ದು, ಮಾತುಕತೆಗೆ ಖರ್ಚಿಲ್ಲದಿದ್ದರೆ ಇಬ್ಬರೂ ಕೂತು ಚೌಕಾಸಿ ಮಾಡಿಕೊಳ್ಳಬಹುದು ಎಂದರು ರೊನಾಲ್ಡ್ ಕೋಸ್, 1960ರಲ್ಲಿ. ಆಗಲಿ, ಕೂರೋಣ. ಆದರೆ ಪಕ್ಕದಲ್ಲೇ ಕನ್ನಂಬಾಡಿ ಕಟ್ಟೆಯಿದೆ: 1911ರಲ್ಲಿ ಕೆಲಸ ಶುರುವಾದದ್ದು, ಸುರ್ಕಿ ಗಾರೆಯದು, 49 ಟಿಎಂಸಿ ನೀರು ಹಿಡಿಯುವಂಥದು. ಅದರ ಪರವಾಗಿ ಚೌಕಾಸಿಗೆ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಗದ್ದೆಯವರು, ಬೆಂಗಳೂರಿನ ನಲ್ಲಿಯವರು, ತಂಜಾವೂರಿನ ರೈತರು ಎಲ್ಲರೂ ಬರಬೇಕು. ಜಾಗ ನೀವೇ ಹುಡುಕಿ. ತೆರಿಗೆಯೇ ಸಾಕೆಂದರೆ, ಮನೆಗೋಡೆಯ ಬಿರುಕಿಗೆ ಹೇಗೋ ದರ ಕಟ್ಟಬಹುದು. ಕಟ್ಟೆಯ ಬಿರುಕಿಗೆ ಕಟ್ಟುವ ಪಂಡಿತರು ಯಾರು?

2018ರ ಸೆಪ್ಟೆಂಬರಿನಲ್ಲಿ ಕೇಳಿಬಂದ ಭಾರಿ ಸದ್ದಿನ ನಂತರ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಕಟ್ಟೆಯ ಸುತ್ತ ಗಣಿಗಾರಿಕೆ ನಿಲ್ಲಿಸಿ ಎಂದಿತು. 2024ರ ಜನವರಿಯಲ್ಲಿ ಹೈಕೋರ್ಟು, ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಕಟ್ಟೆಯ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ದರ ಕಟ್ಟಲಾಗದ ಹಾನಿಗೆ ತಡೆಯೇ ಮದ್ದು ಎಂಬುದು ಇಷ್ಟೆಲ್ಲ ಆದ ಮೇಲೆ ಗೊತ್ತಾಯಿತು.

ಕೂಲಿಯವರ ಅನ್ನ ಹೋಯಿತೆಂದು ನೀವು ಮರುಗಬಹುದು. ನ್ಯಾಯವೇ. ಕಲ್ಲಿನ ದೂಳು ಅವರ ಪುಪ್ಪಸಕ್ಕೆ ಇಳಿದ ಲೆಕ್ಕವನ್ನೂ ಅದೇ ಉಸಿರಿನಲ್ಲಿ ಹೇಳಿಬಿಡಿ.

ಕೊನೆಗೆ, ಮನೆ ಕಟ್ಟಿಸುತ್ತಿರುವ ಬೆಂಗಳೂರು, ಮೈಸೂರಿನವರಲ್ಲಿ ಒಂದು ಅರಿಕೆ. ಅಗ್ಗದ ಜಲ್ಲಿ ಸಿಕ್ಕರೆ ಯಾವ ಬೆಟ್ಟದ್ದೆಂದು ಕೇಳಿ. ಬಿಲ್ಲಿನಲ್ಲಿ ಬಿಟ್ಟುಹೋದ ದುಡ್ಡನ್ನು ಯಾರೋ ಕಟ್ಟುತ್ತಿದ್ದಾರೆ. ಕಾವೇರಿ ನೀರು ಕುಡಿಯುವ ನೀವೂ ಆ ಸಾಲದಲ್ಲಿದ್ದೀರಿ.

ಇಂತಿ,
ನಿಮ್ಮ ಲೆಕ್ಕದಾಚೆಯ ಬೆಳಗೊಳದವನು