ಹಳದಿ ಬೋರ್ಡಿನ ಶೋಕಿ

ಮನೆ ಮುಂದೆ ಹಳದಿ ಬೋರ್ಡಿನ ಗಾಡಿ ನಿಂತಿದ್ದರೆ ಊರಿನವರು ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ‘ಬಾಡಿಗೆಗಲ್ಲ ಮಾರಾಯ್ರೆ, ಇದು ಕ್ಲಾಸಿಕ್’ ಎಂದರೆ, ‘ಇರಲಿ ಇರಲಿ, ಸಾಗರ ಪೇಟೆಗೆ ಎಷ್ಟಾಗ್ತದೆ ಹೇಳಿ’ ಅನ್ನುತ್ತಾರೆ. 1991ರ ಟಾಟಾಮೊಬೈಲ್ 206 ಪಿಕಪ್ ಕೊಂಡ ಮೇಲೆ ನನ್ನ ಸಾಮಾಜಿಕ ಬದುಕು ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿದಿದೆ.

ಇದಕ್ಕೆಲ್ಲ ಕಾರಣ ಅಮೆರಿಕದವರು. ರಾತ್ರಿ ಉಂಡು ಮಲಗುವ ಹೊತ್ತಿಗೆ ಮೊಬೈಲಿನಲ್ಲಿ ಅವರ ವಿಡಿಯೊ ನೋಡುವ ಚಟ ಹತ್ತಿತ್ತು. ಯಾವುದೋ ಹೊಲದ ಮೂಲೆಯಲ್ಲಿ ಮಣ್ಣು ತಿನ್ನುತ್ತಿದ್ದ ಎಪ್ಪತ್ತರ ದಶಕದ ಷೆವ್ರೊಲೆ ಸಿ-10 ಪಿಕಪ್ಪನ್ನು ಎಳೆದು ತರುತ್ತಾರೆ. ತುಕ್ಕು ಹಿಡಿದ ಬೋಲ್ಟಿಗೆ ಪುಸ್ ಎಂದು ಎಣ್ಣೆ ಹೊಡೆಯುತ್ತಾರೆ. ಬೋಲ್ಟು ಸಂಕೋಚವಿಲ್ಲದೆ ತಿರುಗಿ ಬರುತ್ತದೆ. ಇಪ್ಪತ್ತನೇ ನಿಮಿಷಕ್ಕೆ ಗಾಡಿ ಫಳಫಳ, ಹೆಂಡತಿ ಮಕ್ಕಳು ಹಿಂದೆ ಹತ್ತಿ ಸೂರ್ಯಾಸ್ತದತ್ತ ಪ್ರಯಾಣ. 1972ರವರೆಗಿನ ಆ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೇ. ಅದಕ್ಕೆ ಒರಗಿ ಸಿಗರೇಟು ಸೇದಿದ ಜನವೇ ಬದುಕಿ ಉಳಿದಿದ್ದಾರೆ ಎಂದ ಮೇಲೆ ಡೀಸೆಲ್ ಗಾಡಿ ಕೊಳ್ಳುವ ನನಗೆಂಥ ಅಂಜಿಕೆ?

ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವ ನಾನು. ಸವಕಳಿ ಎಂದರೇನು ಎಂದು ವರ್ಷಾ ವರ್ಷ ಹುಡುಗರಿಗೆ ಬರೆಸುತ್ತೇನೆ. ಆದರೂ ಮನೆಯವಳನ್ನು ಒಪ್ಪಿಸಲು ಹಿಡಿದದ್ದು ಅರ್ಥಶಾಸ್ತ್ರವನ್ನಲ್ಲ, ಇತಿಹಾಸವನ್ನು. ಇಂದಿನ ಟಾಟಾ ಮೋಟರ್ಸ್ ಆಗ ಟೆಲ್ಕೊ. 1986ರಲ್ಲಿ 407 ಬಿಟ್ಟ ಕಂಪನಿ ಎರಡು ವರ್ಷಕ್ಕೆ, 1988ರಲ್ಲಿ, ಈ ಪಿಕಪ್ ತಂದಿತು. ಇದರದ್ದೇ ಅಡಿಪಾಯದ ಮೇಲೆ 1991ರಲ್ಲಿ ಸಿಯೆರಾ ಎದ್ದು ನಿಂತಿತು. ‘ಅಂದ್ರೆ ಇದು ಸಿಯೆರಾದ ಅಣ್ಣ’ ಎಂದೆ.

‘ಹಾಗಾದ್ರೆ ತಮ್ಮನ್ನೇ ಕರ್ಕೊಂಡು ಬನ್ನಿ. ಅವನಿಗಾದ್ರೆ ಹಿಂದೆ ಸೀಟಿದೆ, ಗಾಜಿದೆ’ ಎಂದಳು. ಅವಳು ಇತಿಹಾಸದ ವಿದ್ಯಾರ್ಥಿನಿಯಲ್ಲ. ಆದರೂ ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಇದ್ದೇನೆ.

ಗಾಡಿ ಸಿಕ್ಕಿದ್ದು ಅಡಿಕೆ ವ್ಯಾಪಾರಿಯೊಬ್ಬರ ಸುಲಿಮನೆಯ ಹಿಂದೆ, ಹರಿದ ಟಾರ್ಪಾಲಿನ ಕೆಳಗೆ. ಸ್ಟೀರಿಂಗಿನ ಎದುರು ಕೋಳಿಯೊಂದು ಮೊಟ್ಟೆಗೆ ಕೂತಿತ್ತು. ವ್ಯಾಪಾರಿಗಳು ಸತ್ಯವಂತರು, ಅದನ್ನು ಇವತ್ತಿಗೂ ಹೇಳುತ್ತೇನೆ. ಅವರು ಒಂದನ್ನೂ ಮುಚ್ಚಿಡಲಿಲ್ಲ. ಕೇಳಿಸಿಕೊಂಡ ಕಿವಿ ನನ್ನದು. ‘ಸೆಲ್ಫ್ ಹೊಡೆಯೋದಿಲ್ಲ, ತಳ್ಬೇಕು’ ಎಂದರು. ಬ್ಯಾಟರಿ ಖರ್ಚು ಉಳಿಯಿತು ಎಂದುಕೊಂಡೆ. ‘ಒಳಗೆ ಗಾಳಿ ಚೆನ್ನಾಗಿ ಬರ್ತದೆ’ ಎಂದರು, ಸಂತೋಷಪಟ್ಟೆ. ಗಾಳಿ ಕಿಟಕಿಯಿಂದಲ್ಲ, ನೆಲದಿಂದ ಬರುತ್ತದೆ ಎಂಬುದು ಆಮೇಲೆ, ಕಾಲಡಿಯ ಮ್ಯಾಟ್ ಎತ್ತಿ ರಸ್ತೆ ಕಂಡಾಗ ತಿಳಿಯಿತು. ಕೊನೆಗೆ ಅವರು ಕೀಲಿಕೈ ಕೊಡುತ್ತಾ, ‘ಒಂದು ಮಾತು ಸಾರ್. ಒಮ್ಮೆ ಸ್ಟಾರ್ಟ್ ಆದ್ರೆ ಇದು ನಿಲ್ಲೋ ಗಾಡಿಯಲ್ಲ’ ಎಂದರು. ಅದನ್ನು ಹೊಗಳಿಕೆ ಎಂದು ತಿಳಿದು ಕೈ ಕುಲುಕಿದೆ.

407 ಅಂದರೆ ಸುಮಾರು 4 ಟನ್ನು, 70 ಅಶ್ವಶಕ್ತಿ ಎಂದು ಲಾರಿಯವರು ಬಿಡಿಸುತ್ತಾರೆ. ಆ ಲೆಕ್ಕದಲ್ಲಿ 206ಕ್ಕೆ 60 ಕುದುರೆ ಸಲ್ಲಬೇಕು. ಸುಲಿಮನೆಯಲ್ಲಿದ್ದ ಆಳುಗಳೆಲ್ಲ ಸೇರಿ ಇಳಿಜಾರಿನಲ್ಲಿ ತಳ್ಳಿದಾಗ ಅವುಗಳಲ್ಲಿ ಎಷ್ಟೋ ಎದ್ದವು. ಉಳಿದವು ಮಲಗಿಯೇ ಇದ್ದವೆಂದು ಕಾಣುತ್ತದೆ, ಏಕೆಂದರೆ ದಾರಿಯ ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ನನ್ನದೇ ವಿದ್ಯಾರ್ಥಿಯೊಬ್ಬ ‘ನಮಸ್ಕಾರ ಸಾರ್’ ಎಂದು ಮುಂದೆ ಹೋದ.

ಮನೆ ಅಂಗಳಕ್ಕೆ ಬಂದೆ. ಕೀಲಿ ತಿರುಗಿಸಿದೆ. ಎಂಜಿನ್ ನಿಲ್ಲಲಿಲ್ಲ. ಕೀಲಿ ತೆಗೆದೆ. ಕೆಳಗಿಳಿದು ಬಾಗಿಲು ಹಾಕಿ, ಕೀಲಿ ಜೇಬಿಗಿಟ್ಟು ನಿಂತೆ. ಗಾಡಿ ದುಡುದುಡು ಎನ್ನುತ್ತಲೇ ಇತ್ತು.

ಡೀಸೆಲ್ ಎಂಜಿನ್ನಿನ ಸ್ವಭಾವ ಅಂಥದು. ಪೆಟ್ರೋಲ್ ಎಂಜಿನ್ನಾದರೆ ಕಿಡಿಯ ಮೇಲೆ ನಡೆಯುತ್ತದೆ. ಕೀಲಿ ತಿರುಗಿಸಿದರೆ ಕಿಡಿ ಹೋಯಿತು, ಕತೆ ಮುಗಿಯಿತು. ಡೀಸೆಲ್‌ಗೆ ಕಿಡಿಯೇ ಬೇಡ. ಗಾಳಿಯನ್ನು ಅದುಮಿ ಅದುಮಿ ಕಾಯಿಸಿ, ಆ ಕಾವಿಗೆ ಎಣ್ಣೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ನಿಲ್ಲಿಸಬೇಕೆಂದರೆ ಎಣ್ಣೆಯನ್ನೇ ತಡೆಯಬೇಕು. ಅದಕ್ಕೆಂದು ಪಂಪಿನಲ್ಲಿ ಒಂದು ಪುಟ್ಟ ಕವಾಟ ಇರುತ್ತದೆ, ಕರೆಂಟು ಹೋದರೆ ಮುಚ್ಚಿಕೊಳ್ಳುವಂಥದು. ಅದು ಎಂದೋ ಕೆಟ್ಟು, ದಾರಿಯಲ್ಲಿ ಕೈಕೊಡುವುದು ಬೇಡವೆಂದು ಯಾರೋ ಪುಣ್ಯಾತ್ಮರು ಒಳಗಿನ ಪಿನ್ನನ್ನೇ ತೆಗೆದುಹಾಕಿದ್ದರು. ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಗೊತ್ತಿದ್ದದ್ದು ಅಕ್ಕಪಕ್ಕದ ಮನೆಯವರು ಬೇಲಿಯ ಬಳಿ ಬಂದು ನಿಂತಿದ್ದಾರೆ ಎಂಬುದೊಂದೇ.

‘ನಿಲ್ಸಿ ಅದನ್ನ, ದನ ಬೆದರ್ತಾವೆ’ ಎಂದರು ಆಚೆಮನೆಯವರು.

‘ಸ್ವಲ್ಪ ಹೊತ್ತು ಓಡ್ಲಿ, ಎಂಜಿನ್ನಿಗೆ ಒಳ್ಳೇದು’ ಎಂದು ನಾನು, ಗೊತ್ತಿದ್ದವನ ಧಾಟಿಯಲ್ಲಿ.

ಕತ್ತಲಾಯಿತು. ಒಳಗಿಂದ ಅಮ್ಮ, ‘ಅದು ಮಲಗೋ ತನಕ ನೀನು ಊಟಕ್ಕೆ ಬರೋದಿಲ್ವನಾ?’ ಎಂದು ಕೂಗಿದಳು. ಗ್ಯಾರೇಜಿನ ಮೇಸ್ತ್ರಿಗೆ ಫೋನು ಹಚ್ಚಿದೆ. ‘ಸುಲಭ ಸಾರ್. ಟಾಪ್ ಗೇರಿಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ತುಳೀರಿ, ಕ್ಲಚ್ ಬಿಡಿ. ಆಫಾಗ್ತದೆ’ ಎಂದರು. ಒಂದು ಕ್ಷಣ ಬಿಟ್ಟು, ‘ಬ್ರೇಕ್ ಇದೆಯಲ್ಲ?’ ಎಂದೂ ಕೇಳಿದರು. ಅದು ಇದ್ದಿದ್ದು ಅರ್ಧ. ತುಳಸಿಕಟ್ಟೆಗೆ ಗೇಣಳತೆ ಬಾಕಿ ಇರುವಾಗ ಗಾಡಿ ಒಮ್ಮೆ ಜಿಗಿದು, ಕೆಮ್ಮಿ, ಆರಿತು. ಅಮ್ಮ ಮರುದಿನ ತುಳಸಿಗೆ ಎರಡು ಹೂವು ಹೆಚ್ಚಿಗೆ ಇಟ್ಟಳು.

ಕಾನೂನಿನ ಕಡೆಯಿಂದ ಮಾತ್ರ ನಾನು ಸರ್ವಸನ್ನದ್ಧನಾಗಿದ್ದೆ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಲ್ಲಿ ಪರ್ಮಿಟ್ಟಿನಿಂದ ವಿನಾಯಿತಿ ಇದೆ. ಕಾರಿನ ಲೈಸೆನ್ಸಿನಲ್ಲೇ 7,500 ಕಿಲೋವರೆಗಿನ ಸರಕು ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರಲ್ಲಿ ಹೇಳಿದೆ. ಹೀಗೆ ಸಂಸತ್ತು, ಸುಪ್ರೀಂ ಕೋರ್ಟು ಎರಡೂ ನನ್ನ ಬೆನ್ನಿಗಿದ್ದವು. ಗಾಡಿಯೊಂದೇ ತಕರಾರು ಮಾಡುತ್ತಿತ್ತು.

ಮೇಸ್ತ್ರಿಗೂ ನನಗೂ ಮೊದಲ ದಿನವೇ ತಾತ್ವಿಕ ಭಿನ್ನಾಭಿಪ್ರಾಯ ಬಂತು. ‘ಎಲ್ಲಾ ಒರಿಜಿನಲ್ ಇರ್ಬೇಕು, ಕಂಪನಿಯಿಂದ ಹೇಗೆ ಬಂತೋ ಹಾಗೆ’ ಎಂದೆ. ಅವರು ಬಾನೆಟ್ಟು ಎತ್ತಿ ಬಹಳ ಹೊತ್ತು ನೋಡಿದರು. ಇಲಿಗಳು ವೈರುಗಳನ್ನು ತಿಂದು, ಅದರ ಸಿಪ್ಪೆಯಲ್ಲೇ ಗೂಡು ಕಟ್ಟಿದ್ದವು. ‘ಒರಿಜಿನಲ್ ಅಂದ್ರೆ ಈಗ ಇದರಲ್ಲಿ ಇಲಿಗಳು ಮಾತ್ರ ಸಾರ್’ ಎಂದರು. ಬಣ್ಣದ ವಿಷಯ ಎತ್ತಿದ್ದಕ್ಕೆ, ‘ಮೊದಲು ನಿಲ್ಲೋದು ಕಲೀಲಿ, ಆಮೇಲೆ ಚಂದ ಕಾಣ್ಲಿ’ ಎಂದು ಮುಗಿಸಿದರು.

ಕಾಲಡಿಯ ತೂತಿಗೆ ಟಿಂಕರಿಂಗ್ ಆಯಿತು. ಟಿಂಕರಿಂಗಿನವರು ತಗಡು ಹುಡುಕಿ, ಅಳತೆಗೆ ಸರಿಯಾಗಿ ಕತ್ತರಿಸಿ, ಅಚ್ಚುಕಟ್ಟಾಗಿ ವೆಲ್ಡ್ ಮಾಡಿ ಕೊಟ್ಟರು. ಮನೆಗೆ ಬಂದು ನೋಡಿದರೆ ಕ್ಲಚ್ ಪೆಡಲಿನ ಕೆಳಗೆ ಕೆಂಪಕ್ಷರದಲ್ಲಿ ‘ಅನ್ಯರಿಗೆ ಪ್ರವೇಶವಿಲ್ಲ’ ಎಂದಿತ್ತು. ಯಾವ ಗೇಟಿನ ಬೋರ್ಡೋ ಏನೋ. ಬದಲಾಯಿಸಿ ಎಂದರೆ, ‘ಹದಿನೆಂಟು ಗೇಜ್ ಸಾರ್, ಇಂಥ ತಗಡು ಈಗ ಬರೋದಿಲ್ಲ’ ಎಂದು ನನ್ನನ್ನೇ ಕನಿಕರದಿಂದ ನೋಡಿದರು.

ಡೀಸೆಲ್ ಫಿಲ್ಟರ್ ಬದಲಾಯಿಸುವುದನ್ನು ಮಾತ್ರ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಬದಲಾಯಿಸಿದ್ದೂ ಆಯಿತು. ಆದರೆ ಹಳೆಯ ಫಿಲ್ಟರ್ ಬಿಚ್ಚುವಾಗ ಪೈಪಿನೊಳಗೆ ಗಾಳಿ ಸೇರುತ್ತದೆ, ಗಾಳಿ ಸೇರಿದರೆ ಪಂಪು ಎಣ್ಣೆ ತಳ್ಳದೆ ಸುಮ್ಮನೆ ಗಾಳಿಯನ್ನೇ ಅದುಮುತ್ತ ಕೂರುತ್ತದೆ ಎಂಬುದು ನಾನು ನೋಡಿದ ವಿಡಿಯೊದ ಮುಂದಿನ ಭಾಗದಲ್ಲಿತ್ತಂತೆ. ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ಗುಳ್ಳೆ ನಿಂತು ಬರೀ ಎಣ್ಣೆ ಬರುವವರೆಗೆ ಗಾಳಿ ತೆಗೆಯಬೇಕು. ನಾನು ಒತ್ತಿದೆ, ಒತ್ತಿದೆ, ಹೆಬ್ಬೆರಳು ಊದಿಕೊಳ್ಳುವಷ್ಟು ಒತ್ತಿದೆ. ಗುಳ್ಳೆ ಬರುತ್ತಲೇ ಇತ್ತು. ಅಂಗಳ, ಪಂಚೆ, ಕನ್ನಡಕ ಮೂರಕ್ಕೂ ಡೀಸೆಲ್ ತಲುಪಿತು, ಪಂಪಿಗೆ ತಲುಪಲಿಲ್ಲ. ಸಂಜೆ ಗ್ಯಾರೇಜಿನ ಹುಡುಗ ಬಂದ. ಬೆಳಗ್ಗೆ ನನ್ನ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ಕೂರುವವನು. ಫಿಲ್ಟರಿನ ವಾಷರ್ ತಿರುಗಾಮುರುಗಾ ಕೂತದ್ದನ್ನು ಸರಿಮಾಡಿ, ನಾಲ್ಕು ಸಲ ಒತ್ತಿ, ಸ್ಕ್ರೂ ಬಿಗಿದು ಸ್ಟಾರ್ಟ್ ಮಾಡಿಬಿಟ್ಟ. ಆಮೇಲೆ ತುಂಬ ವಿನಯದಿಂದ, ‘ಸಾರ್, ನಾಳೆ ಟೆಸ್ಟ್ ಇದೆಯಾ?’ ಎಂದ. ಇಲ್ಲ ಎಂದೆ. ಇತ್ತು.

ದುಡ್ಡು ಹೋಗುತ್ತಲೇ ಇತ್ತು. ತರಗತಿಯಲ್ಲಿ ಮುಳುಗಿದ ವೆಚ್ಚದ ಪಾಠ: ಈಗಾಗಲೇ ಕಳೆದ ಹಣ ಮುಂದಿನ ನಿರ್ಧಾರವನ್ನು ಆಳಬಾರದು, ಮಕ್ಕಳೇ. ಪಾಠ ಮುಗಿಸಿ ಗ್ಯಾರೇಜಿಗೆ ಹೋಗಿ, ಇಷ್ಟು ಹಾಕಿದ ಮೇಲೆ ಬಿಡುವುದು ಹೇಗೆ ಎಂದು ಕ್ಲಚ್ ಪ್ಲೇಟಿಗೆ ಅಡ್ವಾನ್ಸ್ ಕೊಟ್ಟೆ. ಅಷ್ಟಕ್ಕೆ ನನ್ನ ಬೊಕ್ಕಸ ಬರಿದಾಯಿತು. ನಿಜವಾದ ದುರಸ್ತಿ ಶುರುವಾದದ್ದು ಅಲ್ಲಿಂದ, ಮತ್ತು ಅದರಲ್ಲಿ ನನ್ನ ಪಾಲೇನೂ ಇಲ್ಲ.

ಪಿಕಪ್ ಇದೆ ಎಂದು ಊರಿಗೆ ಗೊತ್ತಾಗಿತ್ತಲ್ಲ. ಆಚೆಮನೆಯವರು, ದನ ಬೆದರುತ್ತವೆ ಎಂದವರೇ, ಅದೇ ದನಗಳಿಗೆ ಹುಲ್ಲು ತರಲು ಒಯ್ದರು. ಹುಲ್ಲಿನ ಹೊರೆ ಎಡಕ್ಕೆ ವಾಲುತ್ತದೆಂದು ಅವರೇ ಎಡಗಡೆಯ ಸ್ಪ್ರಿಂಗ್ ಪ್ಲೇಟು ಹಾಕಿಸಿದರು. ಆಗ ಗಾಡಿ ಬಲಕ್ಕೆ ವಾಲಿತು. ಗೊಬ್ಬರ ಒಯ್ದವರು ಬಲಗಡೆಯದನ್ನು ಹಾಕಿಸಿದರು. ಗಣಪತಿ ಕಟ್ಟೆಯ ಹುಡುಗರು ಗಣಪತಿ ಬಿಡುವ ದಿನ ಬ್ಯಾಟರಿ, ಸೆಲ್ಫ್ ಎರಡನ್ನೂ ಸರಿಮಾಡಿಸಿದರು. ಮೆರವಣಿಗೆಯ ನಡುವೆ ದೇವರನ್ನು ಕೂರಿಸಿಕೊಂಡು ಗಾಡಿ ತಳ್ಳುವುದು ಅಪಶಕುನವಂತೆ. ಜೊತೆಗೆ ಮೂರು ಸ್ವರದ ಹಾರ್ನು ಕೂರಿಸಿ, ಬಿಚ್ಚಲು ಮರೆತು ಹೋದರು.

ಬ್ರೇಕಿನ ಕತೆ ಇನ್ನೂ ಸ್ವಾರಸ್ಯದ್ದು. ಮದುವೆ ಮನೆಗೆ ಪಾತ್ರೆ, ದಿನಸಿ ಸಾಗಿಸಲು ಅಡುಗೆ ಭಟ್ಟರು ಒಯ್ದಿದ್ದರು. ಒಂದು ತಿರುವಿನಲ್ಲಿ ಬ್ರೇಕು ಹಿಡಿಯದೆ, ಆಮೇಲೆ ಒಮ್ಮೆಲೇ ಹಿಡಿದು, ಕೊಳಗದ ಸಾಂಬಾರು ಚೆಲ್ಲಿತು. ಭಟ್ಟರು ಅದೇ ವಾರ ನಾಲ್ಕೂ ಚಕ್ರದ ಬ್ರೇಕು ಹೊಸದು ಮಾಡಿಸಿ, ಬಿಲ್ಲು ತಾವೇ ಕಟ್ಟಿದರು. ಅಷ್ಟು ತಿಂಗಳು ಅದೇ ಗಾಡಿಯಲ್ಲಿ ಅರ್ಧ ಬ್ರೇಕಿನ ಮೇಲೆ ನಾನು ಓಡಾಡಿದ್ದೆ. ಯಾರೂ ಒಂದು ಮಾತು ಆಡಿರಲಿಲ್ಲ. ಸಾಂಬಾರಿನ ಜೀವಕ್ಕಿರುವ ಬೆಲೆ ಅರ್ಥಶಾಸ್ತ್ರದ ಮೇಷ್ಟರ ಜೀವಕ್ಕಿಲ್ಲ ಎಂಬುದು ಮಾರುಕಟ್ಟೆಯ ತೀರ್ಮಾನ, ನಾನು ಪ್ರಶ್ನಿಸುವಂತಿಲ್ಲ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಹೊಳೆಯುವ ಪಟ್ಟಿ ಅಂಟಿಸಿ ಕರೆದೊಯ್ದೆ. ನನ್ನ ಕ್ಲಾಸಿಕ್ ಸುಂದರಿ ಕೋಲದ ಬೊಂಬೆಯಾಗಿದ್ದಳು. ಪರೀಕ್ಷೆ ಮಾಡಲು ಬಂದ ಅಧಿಕಾರಿ ಬಾಗಿಲು ತೆಗೆದು, ಕಾಲಿಡುವ ಜಾಗ ನೋಡಿ, ‘ಅನ್ಯರಿಗೆ ಪ್ರವೇಶವಿಲ್ಲ’ ಎಂದು ಗಟ್ಟಿಯಾಗಿ ಓದಿದರು. ‘ಮತ್ತೆ ನೀವು ಹೇಗೆ ಹತ್ತಿದ್ರಿ?’

ಧೈರ್ಯ ತಂದುಕೊಂಡು, ಇದನ್ನು ವಿಂಟೇಜ್ ಎಂದು ನೋಂದಾಯಿಸಬಹುದೇ ಎಂದು ಕೇಳಿದೆ. ನಿಯಮ ನನಗೂ ಗೊತ್ತಿತ್ತು, ಆದರೂ ಆಸೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಸ್ವಂತಕ್ಕೆ ಬಳಸುವ, ಮೂಲರೂಪ ಕೆಡದ ಗಾಡಿಗೆ ‘ವಿಎ’ ಎಂಬ ಅಕ್ಷರಗಳ ವಿಶೇಷ ನಂಬರ್ ಸಿಗುತ್ತದೆ. ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಎಣ್ಣೆ ಹಾಕಿಸಲು, ರಿಪೇರಿಗೆ ಮಾತ್ರ ಹೊರಗೆ ತರಬಹುದು. ಕೊನೆಯ ಎರಡು ಷರತ್ತನ್ನು ನಾನು ಮೊದಲ ದಿನದಿಂದಲೇ ಪಾಲಿಸಿಕೊಂಡು ಬಂದಿದ್ದೆ. ಅಧಿಕಾರಿ ಬೆರಳು ಮಡಿಸಿ ಎಣಿಸಿ, ‘2041ಕ್ಕೆ ಬನ್ನಿ’ ಎಂದರು. ಪಕ್ಕದಲ್ಲಿದ್ದ ಮೇಸ್ತ್ರಿ, ‘ಅಷ್ಟೊತ್ತಿಗೆ ಸಾರ್ ರಿಟೈರಾಗಿರ್ತಾರೆ, ಫುಲ್ ಟೈಮ್ ತಳ್ಬಹುದು’ ಎಂದರು. ಎಫ್‌ಸಿ ಮಾತ್ರ ಆಯಿತು. ಭಟ್ಟರ ಬ್ರೇಕು ಚೆನ್ನಾಗಿತ್ತು.

ಈಗ ಗಾಡಿ ಒಂದೇ ಕೀಲಿಗೆ ಏಳುತ್ತದೆ, ಹೇಳಿದಲ್ಲಿ ನಿಲ್ಲುತ್ತದೆ, ಯಾವ ಕಡೆಗೂ ವಾಲುವುದಿಲ್ಲ. ಕಳೆದ ವಾರ ಬಣ್ಣವೂ ಆಯಿತು. ಅದನ್ನು ಮಾಡಿಸಿಕೊಟ್ಟವರು ಶಾಮಿಯಾನದವರು, ಹಾಗಾಗಿ ಬಣ್ಣ ಶಾಮಿಯಾನದ್ದೇ. ಹೆಂಡತಿ ಗಾಡಿಯ ಸುತ್ತ ಒಂದು ಸುತ್ತು ಬಂದು, ಪರವಾಗಿಲ್ಲ, ಒಂದು ದಿನ ಜೋಗಕ್ಕೆ ಹೋಗಿ ಬರೋಣ ಎಂದಳು. ಅಮೆರಿಕದವರ ಸೂರ್ಯಾಸ್ತ ಕಣ್ಣ ಮುಂದೆ ಬಂತು. ಭಾನುವಾರ ಗಾಡಿ ಬೇಕು ಎಂದು ಒಳಗೆ ಹೋಗಿ ಹೇಳಿದೆ.

ಅಮ್ಮ ಕನ್ನಡಕ ಏರಿಸಿ ಬುಕ್ಕಿಂಗ್ ಪುಸ್ತಕ ತೆರೆದಳು. ಹೌದು, ಬುಕ್ಕಿಂಗ್ ಪುಸ್ತಕ. ನನ್ನ ಹಳೆಯ ಅಟೆಂಡೆನ್ಸ್ ರಿಜಿಸ್ಟರು. ‘ಭಾನುವಾರ ಬೆಳಗ್ಗೆ ಭಟ್ಟರದ್ದು. ಮಧ್ಯಾಹ್ನ ಹುಲ್ಲು. ಸಂಜೆ ಆರರ ಮೇಲೆ ಖಾಲಿ ಇದೆ, ಬೇಕಾದ್ರೆ ಬರ್ಕೊಳ್ತೇನೆ’ ಎಂದಳು. ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚುತ್ತ, ‘ಡೀಸೆಲ್ ನಿಂದೇ. ಅಡ್ವಾನ್ಸ್ ಈಗ್ಲೇ ಕೊಡ್ಬೇಕು’ ಎಂದಳು.