ಎರಡು ಡಬ್ಬಿಗಳ ಸಂಗಮ

ಗಾಣಗಾಪುರದಲ್ಲಿ ಕೂಡಿದ ಮೇಲೆ ಆಳಂದದ ಅಮರ್ಜಾ ಯಾವುದು, ಭೀಮಾ ಯಾವುದು ಎಂದು ಬೇರ್ಪಡಿಸಲಾದೀತೆ? ದೋಣಿಗೆ ಬಳಿಯುವ ಎರಡು ಡಬ್ಬಿಯ ಎಪಾಕ್ಸಿ ಬಣ್ಣವೂ ಹಾಗೇ. ಎರಡನೇ ಡಬ್ಬಿಯ ಹಾರ್ಡನರ್ ಬೆರೆಸಿದಿರೋ, ಬ್ರಶ್ ಓಡಲೇಬೇಕು. ಉಷ್ಣತೆ 10 ಡಿಗ್ರಿ ಏರಿದರೆ ಅದು ಗಟ್ಟಿಯಾಗುವ ವೇಗ ಸುಮಾರು ಇಮ್ಮಡಿ. ಅಫಜಲಪುರ, ಜೇವರ್ಗಿಯ ಬೇಸಿಗೆಯೋ 40 ದಾಟುವಂಥದ್ದು; ಚಹಾ ಕುಡಿದು ಬರುವಷ್ಟರಲ್ಲಿ ಡಬ್ಬಿಯೊಳಗೆ ಬ್ರಶ್ ನೆಟ್ಟ ಕಲ್ಲು ಸಿದ್ಧ! ಅದಕ್ಕೇ ಹರಿಗೋಲಿಗೆ ಡಾಂಬರೇ ಸರಿ ಎನ್ನುತ್ತೇನೆ. ಬಿದಿರು ಬಾಗಿದರೆ ಡಾಂಬರೂ ಬಾಗುತ್ತದೆ. ಎಪಾಕ್ಸಿ ಮಾತ್ರ ಬೀಗರ ಹಾಗೆ ಸೆಟೆದು ನಿಂತು ಬಿರುಕು ಬಿಡುತ್ತದೆ. ‘ಹೊಳಪು ಬೇಡವೇ?’ ಎನ್ನಬಹುದು. ಬಿಸಿಲಿಗೆ ಎಪಾಕ್ಸಿ ಮಂಕಾಗುತ್ತದೆ. ಮೇಲೆ ಪಾಲಿಯುರೆಥೇನ್ ಬೇಕು. ಅದೂ ಎರಡು ಡಬ್ಬಿಯದಾದರೆ ಒಟ್ಟು ನಾಲ್ಕು! ಫೈಬರ್ ದೋಣಿಯಾದರೆ ಒಪ್ಪಿದೆ: ನಸುಕಿನಲ್ಲೇ, ನೆರಳಲ್ಲಿ, ಸ್ವಲ್ಪಸ್ವಲ್ಪವೇ ಕಲಸಿ. ಕೈಗವಸು ಮಾತ್ರ ಮರೆಯಬೇಡಿ.